ಹಳೇ ಇಂಜಿನ್‌ಗೆ ಹೊಸ ಮ್ಯಾನಿಫೋಲ್ಡ್: ಅಳತೆ ತಗೋಬೇಕಾದ್ದು ಎಲ್ಲಿಂದ?

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ವಿಂಟೇಜ್ ಕಾರುಗಳ ಎಕ್ಸಾಸ್ಟ್ ಭಾಗಗಳು, ಅದ್ರಲ್ಲೂ ಮುಖ್ಯವಾಗಿ ಮ್ಯಾನಿಫೋಲ್ಡ್. ಸೈಲೆನ್ಸರ್ ಬಗ್ಗೆ ಆಮೇಲೆ ಸ್ವಲ್ಪ ಹೇಳ್ತೀನಿ, ಆದ್ರೆ ನಿಜವಾದ ತಲೆನೋವು ಇರೋದು ಇಂಜಿನ್‌ಗೆ ಅಂಟ್ಕೊಂಡು ಕೂತು ಎಲ್ಲಾ ಸಿಲಿಂಡರ್‌ಗಳ ಹೊಗೆನೂ ಒಂದೇ ಪೈಪಿಗೆ ಸೇರಿಸೋ ಆ ಬೀಡಿನ ತುಂಡಲ್ಲೇ.

ಈ ಕೆಲಸ ಮಾಡೋರ ಹತ್ರ ಬರೋರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಹೇಳೋದು. ಬಿರುಕು ಬಿಟ್ಟಿರೋ ಹಳೇ ಪೀಸ್ ಮುಂದಿಟ್ಟು "ಇದೇ ತರ ಇನ್ನೊಂದು ಮಾಡ್ಕೊಡಿ ಸಾರ್" ಅಂತಾರೆ. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ, ಇದೇ ತರ ಮಾಡ್ಬೇಡಿ. ಆ ಹಳೇ ಪೀಸನ್ನ ಆಕಾರಕ್ಕೆ ನಂಬಿ, ಅಳತೆಗೆ ನಂಬ್ಬೇಡಿ. ಅಳತೆ ಬೇಕಂದ್ರೆ ಇಂಜಿನ್ನನ್ನೇ ಕೇಳಿ.

ಯಾಕೆ ಅಂತ ಹೇಳ್ತೀನಿ. ಬೀಡು ಕಬ್ಬಿಣದಲ್ಲಿ 2.5ರಿಂದ 4 ಪರ್ಸೆಂಟ್ ತನಕ ಇಂಗಾಲ ಇರತ್ತೆ, ಅದ್ರಲ್ಲಿ ಹೆಚ್ಚಿನ ಪಾಲು ಗ್ರಾಫೈಟ್ ಪದರಗಳಾಗಿ ಹರಡ್ಕೊಂಡಿರತ್ತೆ, ಉಳಿದಿದ್ದು ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಆಗಿರತ್ತೆ. ಏರಿನಲ್ಲಿ ಗಾಡಿ ಎಳೆಯುವಾಗ ಮ್ಯಾನಿಫೋಲ್ಡ್ ಮಂದ ಕೆಂಪಿಗೆ ಬರೋಷ್ಟು ಕಾಯತ್ತೆ, ಆಮೇಲೆ ಆರತ್ತೆ, ಮತ್ತೆ ಕಾಯತ್ತೆ, ಹೀಗೆ ವರ್ಷಗಟ್ಲೆ ಆದಾಗ ಆ ಸಿಮೆಂಟೈಟ್ ನಿಧಾನಕ್ಕೆ ಒಡೆದು ಗ್ರಾಫೈಟ್ ಆಗ್ತಾ ಹೋಗತ್ತೆ, ಗ್ರಾಫೈಟಿಗೆ ಜಾಗ ಜಾಸ್ತಿ ಬೇಕು, ಹಾಗಾಗಿ ಪೀಸ್ ಊದ್ಕೊಳತ್ತೆ. ಸಾಲ್ದು ಅಂತ ಗ್ರಾಫೈಟ್ ಪದರಗಳ ಸಂದೀಲಿ ಬಿಸಿ ಗ್ಯಾಸ್ ನುಗ್ಗಿ ಲೋಹ ಒಳಗಿಂದಾನೇ ಆಕ್ಸೈಡ್ ಆಗತ್ತೆ, ಅದೂ ಊದಿಸತ್ತೆ. ಫೌಂಡ್ರಿಯವರು ಇದನ್ನ ಗ್ರೋತ್ ಅಂತಾರೆ. ಹೀಗೆ ಬೆಳೆದಿದ್ದು ತಣ್ಣಗಾದ್ರೂ ವಾಪಸ್ ಬರಲ್ಲ.

ಹಾಗಂತ ಹಳೇದೆಲ್ಲ ಉದ್ದ ಆಗೇ ಇರತ್ತೆ ಅಂತಾನೂ ಇಲ್ಲ, ಅದೇ ತಮಾಷೆ. 800 ಎಂಎಂ ಉದ್ದದ ಒಂದು ಮ್ಯಾನಿಫೋಲ್ಡ್ ತಗೊಳಿ. ಬೀಡು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಒಂದು ಮೀಟರಿಗೆ ಸುಮಾರು 11 ಮೈಕ್ರಾನ್ ಹಿಗ್ಗತ್ತೆ, 500 ಡಿಗ್ರಿ ಏರಿದ್ರೆ ಲೆಕ್ಕ ಹಾಕಿ, 4.4 ಎಂಎಂ. ಅದನ್ನ ಹಿಡ್ಕೊಂಡಿರೋ ಬ್ಲಾಕು ನೀರಿನಿಂದ ತಣ್ಣಗಿರತ್ತೆ, ಅದು ಹಿಗ್ಗೋದು ಮುಕ್ಕಾಲು ಎಂಎಂ ಒಳಗೇ. ಮಧ್ಯದ ವ್ಯತ್ಯಾಸ ಎಲ್ಲಿಗೆ ಹೋಗ್ಬೇಕು? ನಟ್ಟುಗಳು ಬಿಗಿಯಾಗಿ ಹಿಡಿದಿದ್ರೆ ಕಾದ ಬೀಡು ಅಲ್ಲಲ್ಲೇ ಒತ್ತಿಸ್ಕೊಂಡು ಕುಗ್ಗತ್ತೆ, ತಣ್ಣಗಾದಾಗ ಮೊದಲಿಗಿಂತ ಗಿಡ್ಡ ಆಗಿ ಎಳೆಯೋಕೆ ಶುರು ಮಾಡತ್ತೆ, ಆ ಎಳೆತಕ್ಕೇ ಬಿರುಕು ಬರೋದು. ಎಷ್ಟೋ ಸಲ ಸ್ಟಡ್‌ಗಳಿಂದ, ಅಂದ್ರೆ ಇಂಜಿನ್ನಿಂದ ಹೊರಗೆ ಚಾಚಿರೋ ತಲೆಯಿಲ್ಲದ ಬೋಲ್ಟುಗಳಿಂದ, ಬಿಚ್ಚಿದ ಮ್ಯಾನಿಫೋಲ್ಡನ್ನ ವಾಪಸ್ ಕೂರಿಸೋಕೆ ಹೋದ್ರೆ ತುದಿಯ ತೂತುಗಳು ಸೇರೋದೇ ಇಲ್ಲ, ನೋಡಿರ್ತೀರಿ. ಇದರ ಮೇಲೆ ಬಿಸಿಲಿಗೆ ಬಿದ್ದ ಹಲಗೆ ತರ ಸೊಟ್ಟಗಾಗಿರೋದು ಬೇರೆ. ಫೋರ್ಡ್ ಮಾಡೆಲ್ ಟಿ ಇದಕ್ಕೆ ಹೆಸರುವಾಸಿ, 1908ರಿಂದ 1927ರ ತನಕ ಒಂದೂವರೆ ಕೋಟಿಗೂ ಜಾಸ್ತಿ ತಯಾರಾದ ಕಾರದು, ಅದರ ಮ್ಯಾನಿಫೋಲ್ಡ್ ಹಿಂದಿನ ಕಡೆ ಬಾಗಿ ಪೋರ್ಟಿಗೆ, ಅಂದ್ರೆ ಇಂಜಿನ್ನಿಂದ ಹೊಗೆ ಹೊರಗೆ ಬರೋ ಬಾಯಿಗೆ, ಸರಿಯಾಗಿ ಕೂರದೇ ಇರೋದು ಆ ಗಾಡಿ ಇಟ್ಕೊಂಡಿರೋ ಎಲ್ಲರಿಗೂ ಗೊತ್ತು.

ಈಗ ಇಂಥ ಪೀಸನ್ನೇ ಪ್ಯಾಟರ್ನ್ ಅಂತ ಮರಳಲ್ಲಿ ಒತ್ತಿ ಎರಕ ಹೊಯ್ದ್ರೆ ಏನಾಗತ್ತೆ? ಅದರ ಸೊಟ್ಟ, ಅದರ ಊತ ಎಲ್ಲಾ ಹಾಗೇ ಬರತ್ತೆ, ಜೊತೆಗೆ ಎರಕ ಆರುವಾಗ ಸುಮಾರು 1 ಪರ್ಸೆಂಟ್ ಕುಗ್ಗತ್ತೆ. 600 ಎಂಎಂ ಪೀಸು 594 ಆಗಿ ಬರತ್ತೆ. ಆರು ಎಂಎಂ ಅಂದ್ರೆ ಸ್ಟಡ್ಡಿನ ಮುಕ್ಕಾಲು ದಪ್ಪ, ಎಷ್ಟು ಫೈಲ್ ಹೊಡೆದ್ರೂ ಕೂರಲ್ಲ. ಅದಕ್ಕೇ ಪ್ಯಾಟರ್ನ್ ಮಾಡೋರು ಮಾಮೂಲಿ ಸ್ಕೇಲ್ ಬಳಸಲ್ಲ, ಕುಗ್ಗೋದನ್ನ ಮೊದಲೇ ಸೇರಿಸಿ ಗುರುತು ಹಾಕಿರೋ ಬೇರೆ ಸ್ಕೇಲೇ ಇರತ್ತೆ ಅವರ ಹತ್ರ. ಈಗ ತ್ರೀಡಿ ಸ್ಕ್ಯಾನ್ ಬಂದಿದೆ, ಅದ್ರಲ್ಲೂ ಜನ ಇದೇ ಬಲೆಗೆ ಬೀಳ್ತಾರೆ. ಸ್ಕ್ಯಾನರ್ ಬಹಳ ಪ್ರಾಮಾಣಿಕ, ಸೊಟ್ಟಗಿರೋದನ್ನ ಕೂದಲೆಳೆಯಷ್ಟೂ ಬಿಡದೆ ಸೊಟ್ಟಗೇ ತೋರ್ಸತ್ತೆ.

ಸರಿ, ಮತ್ತೆ ಹೇಗೆ? ಒಂದು ದಪ್ಪ ಉಕ್ಕಿನ ಪ್ಲೇಟ್ ತಗೊಳಿ, 10 ಅಥವಾ 12 ಎಂಎಂ. ಇಂಜಿನ್ ಮೇಲಿನ ಸ್ಟಡ್‌ಗಳ ಜಾಗನೆಲ್ಲ ಅದರ ಮೇಲೆ ಎತ್ಕೊಳಿ. ಸ್ಟಡ್‌ಗಳೇ ಬಾಗಿರ್ತಾವೆ, ಆದ್ದರಿಂದ ಸ್ಟಡ್ ತೆಗೆದು ತೂತಿಗೆ ಚೂಪು ತುದಿಯ ಸ್ಕ್ರೂ ಹಾಕಿ, ಬಣ್ಣ ಹಚ್ಚಿದ ಪ್ಲೇಟನ್ನ ಅದರ ಮೇಲೆ ಒತ್ತಿದ್ರೆ ಗುರುತು ಸರಿಯಾಗಿ ಬೀಳತ್ತೆ. ತೂತು ಹೊಡೆದು ಪೋರ್ಟ್‌ಗಳ ಬಾಯಿನೂ ಕೊರೀರಿ. ಆಮೇಲೆ ಈ ಪ್ಲೇಟನ್ನ ಇಂಜಿನ್‌ಗೆ ಕಟ್ಟಿ, ಕೆಳಗಿನ ಪೈಪ್ ಸೇರೋ ಫ್ಲೇಂಜ್ (ಬೋಲ್ಟ್ ಹಾಕೋ ಚಪ್ಪಟೆ ಅಂಚು) ಎಲ್ಲಿ ಬರ್ಬೇಕೋ ಅಲ್ಲಿ ಒಂದು ಡಮ್ಮಿ ಫ್ಲೇಂಜ್ ಇಟ್ಟು ನಾಕು ರಾಡ್ ಹಾಕಿ ವೆಲ್ಡ್ ಮಾಡ್ಬಿಡಿ. ಇದನ್ನ ಇಂಜಿನ್ ಗಾಡೀಲಿ ಕೂತಿರುವಾಗ್ಲೇ ಮಾಡ್ಬೇಕು, ಸ್ಟ್ಯಾಂಡ್ ಮೇಲೆ ಅಲ್ಲ, ಯಾಕಂದ್ರೆ ಸ್ಟೀರಿಂಗ್ ಕಾಲಮ್, ಸ್ಟಾರ್ಟರ್, ಛಾಸಿ ಇವೆಲ್ಲ ಎಲ್ಲಿ ಅಡ್ಡ ಬರ್ತಾವೆ ಅಂತ ಸ್ಟ್ಯಾಂಡ್ ಮೇಲೆ ಗೊತ್ತಾಗಲ್ಲ. ಈ ಜಿಗ್ ಒಂದು ಕೈಲಿದ್ರೆ ಇಂಜಿನ್ನೇ ಫೌಂಡ್ರಿಗೆ ಬಂದ ಹಾಗೆ. ಪ್ಯಾಟರ್ನ್ ಇದರ ಅಳತೆಗೆ, ಮಶಿನಿಂಗ್ ಇದರ ಮೇಲೆ, ಕೊನೇ ಚೆಕ್ಕಿಂಗೂ ಇದರ ಮೇಲೇ. ಹಳೇ ಪೀಸ್ ಬೇಡ್ವಾ ಅಂದ್ರೆ ಬೇಕು, ಗೋಡೆ ಎಷ್ಟು ದಪ್ಪ, ಬಾಗು ಹೇಗೆ, ಮೇಲೆ ಬರೆದಿರೋ ಪಾರ್ಟ್ ನಂಬರ್ ಯಾವ ಶೈಲಿ, ಇದಕ್ಕೆಲ್ಲ ಅದೇ ಆಧಾರ.

ಬಿರುಕು ಎಲ್ಲಿ ಬಿಟ್ಟಿದೆ ಅಂತಾನೂ ಅದರಲ್ಲೇ ನೋಡ್ಬೇಕು, ಅದು ಡಿಸೈನ್ ಬಗ್ಗೆ ಬಹಳ ಹೇಳತ್ತೆ. 1932ರಲ್ಲಿ ಬಂದ ಫೋರ್ಡ್ ಫ್ಲಾಟ್‌ಹೆಡ್ ವಿ8ನಲ್ಲಿ ಒಂದೊಂದು ಕಡೆ ನಾಕು ಸಿಲಿಂಡರ್ ಇದ್ರೂ ಹೊಗೆಗೆ ಬಾಯಿ ಮೂರೇ, ಮಧ್ಯದ ಎರಡು ಸಿಲಿಂಡರ್ ಒಂದೇ ಬಾಯಿ ಹಂಚ್ಕೋತಾವೆ, ಅಲ್ಲಿ ಶಾಖ ಬೇರೆ ಕಡೆಗಿಂತ ಜಾಸ್ತಿ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬ್ಯೂಕ್ ಸ್ಟ್ರೈಟ್ ಎಯ್ಟಲ್ಲಿ ಇಂಜಿನಿಯರ್‌ಗಳು ಉದ್ದದ ಸಮಸ್ಯೆನ ಮೊದಲೇ ಯೋಚಿಸಿ ಮ್ಯಾನಿಫೋಲ್ಡನ್ನ ಮೂರು ತುಂಡು ಮಾಡಿದ್ರು, ಮಧ್ಯದ ತುಂಡಿನೊಳಗೆ ಎರಡು ಕಡೆ ತುಂಡುಗಳು ಜಾರೋ ತರ. ಚೆನ್ನಾಗಿರೋ ಉಪಾಯ. ಆದ್ರೆ ಆ ಜಾರೋ ಜಾಗ ತುಕ್ಕು ಹಿಡಿದು ಜಾಮ್ ಆದ್ರೆ ಮೂರೂ ಸೇರಿ ಒಂದೇ ಆಗ್ಬಿಡತ್ತೆ, ಆಗ ಬೋಲ್ಟ್ ಕಿವಿಗಳು ಒಡೆಯತ್ತೆ. ಇಂಥದ್ದನ್ನ ಹೊಸದಾಗಿ ಮಾಡುವಾಗ ಮೂರು ಯಾಕೆ ಒಂದೇ ಪೀಸ್ ಮಾಡೋಣ ಅಂತ ಬುದ್ಧಿವಂತಿಕೆ ತೋರ್ಸೋರು ಇದಾರೆ, ಅವರಿಗೆ ದೂರದಿಂದ್ಲೇ ನಮಸ್ಕಾರ.

ಇನ್ನು ಎರಕ. ಹೊರಗಿನ ಅಚ್ಚು ಕಷ್ಟ ಇಲ್ಲ, ಒಳಗಿನ ಟೊಳ್ಳು ಮಾಡೋ ಕೋರ್ ಇದ್ಯಲ್ಲ, ಅಲ್ಲೇ ಆಟ ಇರೋದು. ಮರಳಿಗೆ ಸೋಡಿಯಂ ಸಿಲಿಕೇಟ್ ಬೆರೆಸಿ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಟ್ಟಿ ಮಾಡೋದು ಒಂದು ದಾರಿ, ಈಗ ರಾಳ ಬಳಸಿ ಮರಳನ್ನೇ ಪದರ ಪದರವಾಗಿ ಪ್ರಿಂಟ್ ಮಾಡೋ ಮಶಿನ್‌ಗಳೂ ಇದಾವೆ, ಒಂದೋ ಎರಡೋ ಪೀಸ್ ಬೇಕಾದ್ರೆ ಪ್ಯಾಟರ್ನ್ ಖರ್ಚೇ ಇಲ್ಲ. ಹೇಗೆ ಮಾಡಿದ್ರೂ ಕೋರ್ ಅಚ್ಚಿನೊಳಗೆ ತುದಿಗಳ ಆಧಾರದಲ್ಲಿ ತೇಲ್ತಾ ನಿಂತಿರತ್ತೆ. ಕರಗಿದ ಬೀಡು ಒಳಗೆ ಬಂದಾಗ ಅದನ್ನ ಮೇಲಕ್ಕೆ ಎತ್ತೋಕೆ ನೋಡತ್ತೆ, ಎರಡು ಎಂಎಂ ಸರಿದ್ರೆ ಸಾಕು, ಐದು ಎಂಎಂ ಗೋಡೆ ಒಂದು ಕಡೆ ಏಳು, ಇನ್ನೊಂದು ಕಡೆ ಮೂರು. ಹೊರಗಿಂದ ನೋಡೋಕೆ ಬಲು ಚೆಂದ ಇರತ್ತೆ, ಮೂರು ಎಂಎಂ ಕಡೆ ಮೊದಲು ಸುಡತ್ತೆ. ಕೋರಿನೊಳಗಿನ ಗ್ಯಾಸ್ ಹೊರಗೆ ಹೋಗೋಕೆ ದಾರಿ ಬಿಡದಿದ್ರೆ ಬ್ಲೋ ಹೋಲ್, ಅಂದ್ರೆ ಎರಕದೊಳಗೆ ಗ್ಯಾಸ್ ಗುಳ್ಳೆಯ ತೂತು, ಗ್ಯಾರಂಟಿ. ಹಾಗಾಗಿ ಎರಕ ಬಂದ ತಕ್ಷಣ ಪೇಂಟ್ ಹೊಡಿಯೋಕೆ ಮುಂಚೆ ಗೋಡೆ ದಪ್ಪನ ಅಲ್ಟ್ರಾಸಾನಿಕ್ ಗೇಜಲ್ಲಿ ಸುತ್ತಲೂ ನೋಡಿ, ಅಥವಾ ಒಂದು ಸ್ಯಾಂಪಲ್ ಪೀಸನ್ನ ಉಳಿಸೋ ಆಸೆ ಬಿಟ್ಟು ಗರಗಸದಲ್ಲಿ ಕೊಯ್ದೇ ನೋಡಿ.

ಲೋಹ ಯಾವುದು ಅಂತ ಕೇಳ್ತಾರೆ. ಮೂಲದ್ದು ಗ್ರೇ ಐರನ್, ಅಂದ್ರೆ ಮೊದಲು ಹೇಳಿದ ಗ್ರಾಫೈಟ್ ಪದರಗಳಿರೋ ಬೀಡು. ಎಸ್‌ಜಿ ಐರನ್, ಅಂದ್ರೆ ಗ್ರಾಫೈಟ್ ಪದರವಾಗಿರದೆ ಗುಂಡಗಿರೋ ಬೀಡು, 1943ರಲ್ಲಿ ಇಂಕೋ ಕಂಪನಿಯ ಕೀತ್ ಮಿಲ್ಲಿಸ್ ಮೆಗ್ನೀಸಿಯಂ ಸೇರಿಸಿ ಕಂಡುಹಿಡಿದಿದ್ದು, ಆದ್ದರಿಂದ ವಿಂಟೇಜ್ ಗಾಡೀಲಿ ಅದು ಇರೋ ಮಾತೇ ಇಲ್ಲ. ಈಗ ಸಿಲಿಕಾನ್ 4 ಪರ್ಸೆಂಟ್ ಆಸುಪಾಸು, ಜೊತೆಗೆ ಸ್ವಲ್ಪ ಮಾಲಿಬ್ಡಿನಂ ಇರೋ ಎಸ್‌ಜಿ ಸಿಗತ್ತೆ, ಶಾಖಕ್ಕೆ ಗ್ರೇ ಐರನ್‌ಗಿಂತ ಎಷ್ಟೋ ಮೇಲು. ಓಡಿಸೋ ಗಾಡಿಗೆ ನಾನು ಅದನ್ನೇ ಹೇಳ್ತೀನಿ, ಹೊರಗಿಂದ ಯಾರಿಗೂ ವ್ಯತ್ಯಾಸ ಕಾಣಲ್ಲ. ಒಂದೇ ವಿಷಯ, ಅದು ಗ್ರೇ ಐರನ್ ಕುಗ್ಗಿದಷ್ಟೇ ಕುಗ್ಗಲ್ಲ, ಲೋಹ ಮೊದಲು ನಿರ್ಧಾರ ಮಾಡಿ ಆಮೇಲೆ ಪ್ಯಾಟರ್ನ್ ಮಾಡಿ.

ಎರಕ ಬಿಟ್ಟು ಪೈಪ್ ಬಗ್ಗಿಸಿ ವೆಲ್ಡ್ ಮಾಡಿದ್ರೆ ಆಗಲ್ವಾ? ಆಗತ್ತೆ, ರೇಸ್ ಗಾಡಿಗಳಲ್ಲಿ ಮೊದಲಿಂದಾನೂ ಇತ್ತು. ಆದ್ರೆ 304 ಸ್ಟೇನ್‌ಲೆಸ್ ಹಾಕೋ ಮುಂಚೆ ನೆನಪಿರಲಿ, ಅದು ಡಿಗ್ರಿಗೆ ಮೀಟರಿಗೆ ಸುಮಾರು 17 ಮೈಕ್ರಾನ್ ಹಿಗ್ಗತ್ತೆ, ಬೀಡಿನ ಒಂದೂವರೆಪಟ್ಟು. ಉದ್ದದ ಒಂದೇ ಫ್ಲೇಂಜ್ ಬದಲು ಪೋರ್ಟಿಗೊಂದು ಫ್ಲೇಂಜ್ ಮಾಡಿದ್ರೆ ಬಚಾವ್. ಮತ್ತೆ ತೆಳು ಪೈಪಿನ ಸದ್ದೇ ಬೇರೆ, ಬೀಡಿನ ಗಂಭೀರ ಸದ್ದು ಬರಲ್ಲ, ತಗಡಿನ ಸದ್ದು ಬರತ್ತೆ, ನನಗಂತೂ ಹಿಡಿಸಲ್ಲ.

ಜನ ಮರೆಯೋ ಇನ್ನೊಂದು ವಿಷಯ, ಹಾಟ್ ಸ್ಪಾಟ್. ಹಳೇ ಕಾರ್ಬುರೇಟರ್ ಇಂಜಿನ್‌ಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ ತಳಕ್ಕೆ ಎಕ್ಸಾಸ್ಟ್ ಶಾಖ ತಾಗೋ ಹಾಗೆ ಮಾಡಿರ್ತಾರೆ, ಕೆಲವದರಲ್ಲಿ ಬೈಮೆಟಲ್ ಸ್ಪ್ರಿಂಗಿನಿಂದ ತಿರುಗೋ ಒಂದು ಫ್ಲಾಪೂ ಇರತ್ತೆ. ತಣ್ಣಗಿನ ಇಂಜಿನಲ್ಲಿ ಪೆಟ್ರೋಲ್ ಆವಿ ಆಗೋಕೆ ಅದು ಬೇಕು. ಎರಕ ಸುಲಭ ಆಗ್ಲಿ ಅಂತ ಅದನ್ನ ಕೈಬಿಟ್ರೆ ಗಾಡಿ ಬೆಳಗ್ಗೆ ಹೊತ್ತು ಮುಕ್ಕರಿಸತ್ತೆ, ಆಮೇಲೆ ಪಾಪ ಕಾರ್ಬುರೇಟರ್‌ನ ಬೈಯ್ತಾರೆ.

ಮಶಿನಿಂಗ್ ಬಗ್ಗೆ ಹೆಚ್ಚು ಹೇಳಲ್ಲ. ಮೊದಲು ಕುಲುಮೆಯಲ್ಲಿ 550ರಿಂದ 600 ಡಿಗ್ರಿಗೆ ಕಾಯಿಸಿ ನಿಧಾನ ಆರಿಸಿ ಒಳಗಿನ ಬಿಗಿತ ತೆಗೀರಿ, ಆಮೇಲೆ ಎಲ್ಲಾ ಫೇಸ್‌ಗಳನ್ನೂ, ಅಂದ್ರೆ ಇನ್ನೊಂದಕ್ಕೆ ಒತ್ತಿ ಕೂರೋ ಮುಖಗಳನ್ನೂ, ಒಂದೇ ಸೆಟ್ಟಿಂಗಲ್ಲಿ ಮಿಲ್ ಮಾಡಿ. ಮಧ್ಯದ ತೂತು ಅಳತೆಗೆ ಸರಿಯಾಗಿ, ತುದಿಗಳ ಕಡೆ ಹೋದಂಗೆ ತೂತು ದೊಡ್ಡದು, ಬೀಡಿಗೆ ಜಾರೋಕೆ ಜಾಗ ಬೇಕಲ್ಲ.

ಸ್ಟಡ್ ಹೊಸದು ಹಾಕುವಾಗ ಥ್ರೆಡ್ ನೋಡ್ಕೊಳಿ. ಮೂರೆಂಟಾಂಶ ಇಂಚಿನ ಬ್ರಿಟಿಷ್ ವಿಟ್‌ವರ್ತಲ್ಲೂ ಇಂಚಿಗೆ 16 ಸುತ್ತು, ಅಮೆರಿಕನ್ ಕೋರ್ಸ್ ಥ್ರೆಡ್ಡಲ್ಲೂ 16, ಆದ್ರೆ ಒಂದರ ಕೋನ 55 ಡಿಗ್ರಿ, ಇನ್ನೊಂದರದ್ದು 60. ತಿರುಗಿಸಿದ್ರೆ ಹೋಗತ್ತೆ, ಅದಕ್ಕೇ ಅಪಾಯ. ನಟ್ ಮಾತ್ರ ಹಿತ್ತಾಳೆದೇ ಹಾಕಿ, ಮುಂದೊಂದು ದಿನ ಬಿಚ್ಚೋನು ನಿಮ್ಮನ್ನ ನೆನೆಸ್ಕೋತಾನೆ. ಹಳೇ ಗ್ಯಾಸ್ಕೆಟ್ ಬಗ್ಗೆ ಹುಷಾರು, ತಾಮ್ರದ ಹಾಳೆಗಳ ಮಧ್ಯೆ ಇರೋ ಆ ಬಿಳಿ ನಾರು ಆಸ್ಬೆಸ್ಟಾಸ್ ಅಂತಾನೇ ತಿಳ್ಕೊಳಿ. ಒಣಗಿದ್ದಾಗ ಕೆರೆಯೋದು, ವೈರ್ ಬ್ರಶ್, ಏರ್ ಹೊಡಿಯೋದು ಇವೆಲ್ಲ ಬೇಡವೇ ಬೇಡ, ಒದ್ದೆ ಮಾಡಿ ತೆಗೆದು ಕವರಲ್ಲಿ ಕಟ್ಟಿ ಸೀಲ್ ಮಾಡಿ, ಸರಿಯಾದ ಮಾಸ್ಕ್ ಹಾಕ್ಕೊಳಿ.

ಸೈಲೆನ್ಸರ್ ಬಗ್ಗೆ ಹೇಳ್ತೀನಿ ಅಂದಿದ್ದೆ. ರೀವ್ಸ್ ಸಹೋದರರು 1897ರಲ್ಲೇ ಅದಕ್ಕೆ ಪೇಟೆಂಟ್ ತಗೊಂಡಿದ್ರು, ಅಷ್ಟು ಹಳೇದು. ಅದನ್ನ ಮಾಡೋದು ತಗಡಿನ ಕೆಲಸ, ಕಷ್ಟ ಇಲ್ಲ, ಒಳಗಿನ ತಡೆಗಳ ತೂತು ಎಷ್ಟು ಅನ್ನೋದನ್ನ ಮಾತ್ರ ಹಳೇದನ್ನ ಕೊಯ್ದು ನೋಡಿ ಮಾಡಿ, ದೊಡ್ಡ ಪೈಪ್ ಹಾಕಿದ್ರೆ ಪವರ್ ಬರತ್ತೆ ಅನ್ನೋದು ನಿಧಾನಕ್ಕೆ ತಿರುಗೋ ಆ ಇಂಜಿನ್‌ಗಳಿಗೆ ಅನ್ವಯ ಆಗಲ್ಲ.

ಹೊಸ ಪೀಸ್ ಮೇಲೆ ಕಾಣದ ಕಡೆ ಮಾಡಿದ ವರ್ಷ ಪಂಚ್ ಮಾಡಿ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾದ ಟ್ಯೂರಿನ್ ಚಾರ್ಟರ್ ಕೂಡ ಬದಲಿ ಭಾಗ ಮೂಲದ್ದಲ್ಲ ಅಂತ ಗುರುತು ಸಿಗೋ ಹಾಗಿರಲಿ ಅನ್ನತ್ತೆ. ಹಳೇ ಪಾರ್ಟ್ ನಂಬರ್ ಎರಕದಲ್ಲೇ ಮೂಡಿಸಿ ಅದನ್ನೇ ಒರಿಜಿನಲ್ ಅಂತ ಮಾರೋರು ಇದಾರೆ, ಅದು ಮೋಸ, ಬೇರೆ ಹೆಸರಿಲ್ಲ.

ಕೂರಿಸುವಾಗ ನಟ್‌ಗಳನ್ನ ಮಧ್ಯದಿಂದ ಶುರು ಮಾಡಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪನೇ ಬಿಗೀರಿ. ಇಂಜಿನ್ ಓಡಿಸಿ, ಪೂರ್ತಿ ತಣ್ಣಗಾಗೋಕೆ ಬಿಡಿ, ಮತ್ತೆ ಬಿಗೀರಿ, ಇನ್ನೊಂದೆರಡು ಸಲ ಹೀಗೇ. ಮೊದಲ ಸಲ ಹೊಗೆ ಬಂದ್ರೆ ಗಾಬರಿ ಬೇಡ, ಅದು ಮಶಿನಿಂಗ್ ಎಣ್ಣೆನೋ ಪೇಂಟೋ ಸುಡೋದು. ಚಿಕ್ ಚಿಕ್ ಅಂತ ಸದ್ದು ಬಂದ್ರೆ ಮಾತ್ರ ತಕ್ಷಣ ನಿಲ್ಲಿಸಿ ಗ್ಯಾಸ್ಕೆಟ್ ನೋಡಿ, ಲೀಕ್ ಇಟ್ಕೊಂಡು ಓಡಿಸಿದ್ರೆ ಬಿಸಿ ಗ್ಯಾಸು ಫೇಸನ್ನೇ ಕೊರೆಯತ್ತೆ, ಆಗ ಬ್ಲಾಕ್ ಕಡೆ ಫೇಸೂ ಮಿಲ್ ಮಾಡ್ಬೇಕಾಗತ್ತೆ, ಅದಕ್ಕೆ ಇಂಜಿನ್ನೇ ಇಳಿಸ್ಬೇಕು. ಜಿಗ್ ಪ್ಲೇಟು ಮತ್ತೆ ಕೊಯ್ದ ಒಂದು ಸ್ಯಾಂಪಲ್ ಎರಕ ಈ ಟೇಬಲ್ ಮೇಲಿದೆ, ಬಂದು ಮುಟ್ಟಿ ನೋಡಿ, ಪ್ರಶ್ನೆಗಳಿದ್ರೆ ಅಲ್ಲೇ ಮಾತಾಡೋಣ.