ವಾರಸುದಾರರಿಲ್ಲದ ಚೆಲುವು

ಕೇಳುಗರಿಗೆ ನಮಸ್ಕಾರ. ರೋಮನ್ನರು ಚೆಲುವನ್ನು ಹೊಗಳಲು ಬಳಸುತ್ತಿದ್ದ ‘ಪುಲ್ಕೆರ್’ ಎಂಬ ಗುಣವಾಚಕದ ಕಥೆಯನ್ನು ಇಂದು ಹೇಳುತ್ತೇನೆ.

ಚೆಲುವಾದ ಹುಡುಗ, ಚೆಲುವಾದ ಹುಡುಗಿ, ಚೆಲುವಾದ ಊರು. ಕನ್ನಡದ ಗುಣವಾಚಕ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಲ್ಯಾಟಿನ್ನಿನದು ಲಿಂಗ, ವಚನ, ವಿಭಕ್ತಿ ಮೂರರಲ್ಲೂ ನಾಮಪದಕ್ಕೆ ಹೊಂದಿಕೊಳ್ಳಬೇಕು: ಹುಡುಗನಿಗೆ ಪುಲ್ಕೆರ್, ಹುಡುಗಿಗೆ ಪುಲ್ಕ್ರ, ಊರಿಗೆ ಪುಲ್ಕ್ರುಮ್. ಸಂಸ್ಕೃತ ಓದಿದವರಿಗೆ ಇದೇನೂ ಹೊಸದಲ್ಲ. ಸ್ವಾರಸ್ಯವಿರುವುದು ನಾವಿಕನಲ್ಲಿ. ‘ನೌತ’ ಎಂಬ ಪದದ ರೂಪಗಳೆಲ್ಲ ಹುಡುಗಿ ಎಂಬರ್ಥದ ‘ಪುವೆಲ್ಲ’ದಂತೆಯೇ. ಆದರೂ ಚೆಲುವ ನಾವಿಕ ‘ನೌತ ಪುಲ್ಕೆರ್’. ಪ್ರಾಸ ಕೆಟ್ಟರೂ ಚಿಂತೆಯಿಲ್ಲ. ಗುಣವಾಚಕಕ್ಕೆ ಬೇಕಾದದ್ದು ಲಿಂಗ, ಪದದ ಬಾಲವಲ್ಲ.

ಲ್ಯಾಟಿನ್ನಿನಿಂದ ಸ್ಪ್ಯಾನಿಷ್, ಫ್ರೆಂಚ್, ರುಮೇನಿಯನ್ ಮುಂತಾದ ಭಾಷೆಗಳು ಹುಟ್ಟುವಷ್ಟರಲ್ಲಿ ಇಷ್ಟು ಶಿಸ್ತಿನ ಪದ ಜನರ ಬಾಯಿಂದ ಜಾರಿಹೋಯಿತು. ಸ್ಪ್ಯಾನಿಷ್‌ನಲ್ಲಿ ‘ಪುಲ್ಕ್ರೊ’ ಇದೆ, ನಿಜ. ಅದು ಪಂಡಿತರು ಪುಸ್ತಕದಿಂದ ಎತ್ತಿಕೊಂಡದ್ದು, ಅರ್ಥವೂ ‘ಅಚ್ಚುಕಟ್ಟಾದ’ ಎಂದು. ಖಾಲಿಯಾದ ಜಾಗಕ್ಕೆ ಇಬ್ಬರು ಬಂದರು. ಒಂದು, ರೂಪ ಎಂಬರ್ಥದ ‘ಫೋರ್ಮ’ದಿಂದ ಹುಟ್ಟಿದ ‘ಫೋರ್ಮೋಸುಸ್’, ಎಂದರೆ ರೂಪವಂತ. ಇನ್ನೊಂದು ‘ಬೆಲ್ಲುಸ್’. ಒಳ್ಳೆಯ ಎಂಬರ್ಥದ ‘ಬೋನುಸ್’ ಪದವನ್ನೇ ಮುದ್ದುಮಾಡಿ ಕಿರಿದಾಗಿಸಿದ ರೂಪ ಅದು.

ಈಗ ಯುರೋಪಿನ ಭೂಪಟವನ್ನು ನೆನೆಯಿರಿ. ನಡುವಿನ ಇಟಲಿಯಲ್ಲಿ ‘ಬೆಲ್ಲೊ’, ಫ್ರಾನ್ಸಿನಲ್ಲಿ ‘ಬೋ’. ಸ್ವರದ ಮುಂದೆ ಬಂದರೆ ಫ್ರೆಂಚರ ಬಾಯಲ್ಲೂ ಹಳೆಯ ಲಕಾರ ಮರಳಿ ‘ಬೆಲ್’ ಆಗುತ್ತದೆ. ಪಶ್ಚಿಮದ ಅಂಚಿನಲ್ಲಿ ಸ್ಪ್ಯಾನಿಷರ ‘ಎರ್ಮೋಸೊ’, ಪೋರ್ಚುಗೀಸರ ‘ಫೊರ್ಮೋಜು’. ತೈವಾನಿಗೆ ಪೋರ್ಚುಗೀಸರಿಂದ ಬಂದ ಹೆಸರು ಫಾರ್ಮೋಸಾ. ದ್ವೀಪ ಅವರ ಭಾಷೆಯಲ್ಲಿ ಸ್ತ್ರೀಲಿಂಗವಾದ್ದರಿಂದ ಕೊನೆಯಲ್ಲಿ ‘ಆ’. ಪೂರ್ವದ ಕೊನೆಯಲ್ಲಿರುವ ರುಮೇನಿಯಾದಲ್ಲಿ ‘ಫ್ರುಮೋಸ್’. ಎರಡು ತುದಿಗಳೂ ಒಂದೇ ಬೇರನ್ನು ಹಿಡಿದು ಕುಳಿತಿವೆ.

ಕಾಕತಾಳೀಯ ಎನ್ನೋಣವೆ? ‘ಇನ್ನೂ ಚೆಲುವಾದ’ ಎನ್ನುವುದನ್ನು ಕೇಳಿ. ಲ್ಯಾಟಿನ್ನಿನಲ್ಲಿ ಪ್ರತ್ಯಯ ಹಚ್ಚಿ ‘ಪುಲ್ಕ್ರಿಯೋರ್’ ಎನ್ನುತ್ತಿದ್ದರು. ಆ ಕ್ರಮ ಬಹುಮಟ್ಟಿಗೆ ಅಳಿದ ಮೇಲೆ, ‘ಹೆಚ್ಚು’ ಎಂಬರ್ಥದ ಎರಡು ಲ್ಯಾಟಿನ್ ಪದಗಳಲ್ಲಿ ನಡುವಿನವರು ‘ಪ್ಲೂಸ್’ ಹಿಡಿದರು: ಫ್ರೆಂಚರ ‘ಪ್ಲು’, ಇಟಲಿಯವರ ‘ಪ್ಯು’. ಅಂಚಿನವರು ‘ಮಾಗಿಸ್’ ಹಿಡಿದರು: ಸ್ಪ್ಯಾನಿಷರ ‘ಮಾಸ್’, ರುಮೇನಿಯನ್ನರ ‘ಮಾಯ್’. ಹೊಸ ಬಳಕೆ ನಡುವಿನಲ್ಲಿ ಹುಟ್ಟಿ ಹರಡುತ್ತದೆ, ಅಂಚುಗಳಲ್ಲಿ ಹಳೆಯದು ಉಳಿಯುತ್ತದೆ ಎಂದು ಇಟಲಿಯ ಭಾಷಾವಿಜ್ಞಾನಿ ಮತ್ತೇವೊ ಬಾರ್ತೋಲಿ ವಾದಿಸಿದ್ದು ಇಂಥವನ್ನು ನೋಡಿಯೇ. ಎಲ್ಲ ಪದಗಳಿಗೂ ಇದು ಒಪ್ಪುವುದಿಲ್ಲ, ಇಲ್ಲಿ ಒಪ್ಪುತ್ತದೆ.

ಅಂಚಿನವರೂ ಸುಮ್ಮನೆ ಕೂತವರಲ್ಲ. ಸ್ಪ್ಯಾನಿಷರು ತಮ್ಮ ‘ಬ್ವೇನೊ’ವನ್ನು, ಎಂದರೆ ಅದೇ ಹಳೆಯ ಬೋನುಸನ್ನು, ಮತ್ತೊಮ್ಮೆ ಕಿರಿದಾಗಿಸಿ ‘ಬೊನೀತೊ’ ಮಾಡಿಕೊಂಡರು. ಪೋರ್ಚುಗೀಸರೂ ಅದನ್ನು ಎರವಲು ಪಡೆದರು. ಈಗ ಲಿಸ್ಬನ್ನಿನ ಬೀದಿಯಲ್ಲಿ ಕೇಳಿಬರುವುದು ಬೊನೀತೊದ ಅಲ್ಲಿಯ ರೂಪ. ಫೊರ್ಮೋಜು ಕಾವ್ಯಕ್ಕೆ ಸರಿದಿದೆ.