ಅಪ್ಪನಿಗೂ ಒಂದು ಕಟ್ಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಮಗಳಿಗೆ ಈಗ ಹತ್ತು ತಿಂಗಳು. ಅವಳು ಐದು ತಿಂಗಳ ಕೂಸಾಗಿದ್ದಾಗಿನ ಮಾತು ಇದು. ಸಂಜೆ ಆಫೀಸಿನಿಂದ ಬಂದವನು ನಮ್ಮ ಬೀದಿಯ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದೆ. ಹೆಲ್ಮೆಟ್ ಕೂಡ ತೆಗೆಯದೆ ಹತ್ತು ನಿಮಿಷ, ಕೆಲವು ದಿನ ಇಪ್ಪತ್ತು ನಿಮಿಷ ಸುಮ್ನೆ ಕೂರುತ್ತಿದ್ದೆ. ಅಲ್ಲಿಂದ ನಮ್ಮ ಮನೆ ಕಿಟಕಿ ಕಾಣುತ್ತದೆ. ಒಮ್ಮೊಮ್ಮೆ ಮಗು ಅಳುವುದೂ ಕೇಳುತ್ತದೆ. ಮೇಲೆ ಹೋಗಲು ಕಾಲೇ ಬರುತ್ತಿರಲಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಅವಳ ಫೋಟೋ ತೆಗೆದು ನೋಡುತ್ತಿದ್ದವನೂ ನಾನೇ. ಒಂದು ದಿನ ಬೀಡಾ ಅಂಗಡಿಯವರು, "ಏನ್ ಸಾರ್, ಗಾಡಿ ಕೆಟ್ಟೋಯ್ತಾ?" ಅಂದರು. "ಇಲ್ಲ, ಫೋನ್ ಬಂತು" ಅಂದೆ. ಫೋನು ಜೇಬಿನಲ್ಲೇ ಇತ್ತು.

ನಮ್ಮಲ್ಲಿ ಬಾಣಂತನಕ್ಕೆ ಅಂತ ಒಂದು ವ್ಯವಸ್ಥೆ ಇದೆ, ಅಲ್ವಾ? ಹೆಂಡತಿ ಶಿವಮೊಗ್ಗದ ತವರಿಗೆ ಹೋದಳು. ಅಲ್ಲಿ ಎಣ್ಣೆ ಹಚ್ಚುವವರು, ನೀರು ಹಾಕುವವರು, ಸಾಂಬ್ರಾಣಿ ಹೊಗೆ ಹಿಡಿಯುವವರು ಎಲ್ಲ ಇದ್ದರು. ನಾನು ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುತ್ತಿದ್ದೆ. ಅಳಿಯನ ಉಪಚಾರ ಮಾಡಿಸಿಕೊಂಡು, ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಂಡು, ಭಾನುವಾರ ರಾತ್ರಿ ವಾಪಸ್. ಐದನೇ ತಿಂಗಳಲ್ಲಿ ತಾಯಿ ಮಗು ಬೆಂಗಳೂರಿಗೆ ಬಂದಾಗಲೇ ನಾನು ನಿಜವಾಗಿ ಅಪ್ಪನಾದದ್ದು. ಅಷ್ಟೊತ್ತಿಗೆ ರಜೆ ಎಲ್ಲಿತ್ತು? ಕೇಂದ್ರ ಸರ್ಕಾರದ ನೌಕರರಿಗಾದರೆ ಅಪ್ಪನಾದಾಗ 15 ದಿನ ರಜೆ ಇದೆ. ಖಾಸಗಿ ಕಂಪನಿಗಳು ಕೊಡಲೇಬೇಕು ಅನ್ನುವ ಕಾನೂನಿಲ್ಲ. ನನಗೆ ಸಿಕ್ಕಿದ್ದು ಐದು ದಿನ. ಅದು ನಾಮಕರಣದ ಓಡಾಟಕ್ಕೇ ಮುಗಿಯಿತು.

ಹೆರಿಗೆಯಾದ ತಾಯಿಗೆ ಖಿನ್ನತೆ ಕಾಡಬಹುದು ಅನ್ನುವುದು ಈಗ ಬಹಳ ಜನಕ್ಕೆ ಗೊತ್ತು. ಅಪ್ಪಂದಿರನ್ನೂ ಅದು ಬಿಡುವುದಿಲ್ಲ. ಬೇರೆ ಬೇರೆ ದೇಶಗಳ 43 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಲೆಕ್ಕ 2010ರಲ್ಲಿ ಬಂತು. ಹೆಂಡತಿ ಬಸುರಿಯಾದಾಗಿನಿಂದ ಮಗುವಿಗೆ ವರ್ಷ ತುಂಬುವ ತನಕ ನೂರಕ್ಕೆ ಸುಮಾರು 10 ಅಪ್ಪಂದಿರಲ್ಲಿ ಖಿನ್ನತೆ ಕಂಡಿತ್ತು. ಮಗುವಿಗೆ ಮೂರರಿಂದ ಆರು ತಿಂಗಳಿರುವಾಗ ಇನ್ನೂ ಜಾಸ್ತಿ. ನಮ್ಮ ಲೆಕ್ಕದಲ್ಲಿ ಅದು ಬಾಣಂತಿ ತವರಿಂದ ವಾಪಸ್ ಬರುವ ಹೊತ್ತು! ಓದಿದಾಗ ನನಗೆ ಹೊಂಗೆ ಮರ ನೆನಪಾಯಿತು.

ನನ್ನದು ಖಿನ್ನತೆಯೋ ಬರೀ ನಿದ್ದೆಗೇಡೋ, ಅದು ಡಾಕ್ಟರು ಹೇಳಬೇಕಾದ ಮಾತು. ಅವರ ಹತ್ತಿರ ನಾನಾಗಿ ಹೋದವನೂ ಅಲ್ಲ. ಆಫೀಸಿನಲ್ಲಿ ಆರೋಗ್ಯ ತಪಾಸಣೆ ನಡೆದಾಗ ಬಿಪಿ 152/98 ತೋರಿಸಿತು. 140/90 ದಾಟಿದರೆ ಜಾಸ್ತಿ ಅಂತ ಲೆಕ್ಕ, ಆದರೆ ಒಂದೇ ಸಲ ನೋಡಿ ತೀರ್ಮಾನ ಮಾಡುವುದಿಲ್ಲ, ಮತ್ತೆ ಬನ್ನಿ ಅಂದರು. ಆಮೇಲೆ, "ರಾತ್ರಿ ಎಷ್ಟು ಗಂಟೆ ಮಲಗ್ತೀರಿ?" ಅಂತ ಕೇಳಿದರು. ಆ ಪ್ರಶ್ನೆಯನ್ನು ಐದು ತಿಂಗಳಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಗಂಟಲು ಕಟ್ಟಿತು.

ಆ ದಿನಗಳಲ್ಲಿ ನನ್ನ ಅಪ್ಪನ ಬಗ್ಗೆ ಬಹಳ ಯೋಚಿಸಿದೆ. ಅರಸೀಕೆರೆ ಹತ್ತಿರದ ನಮ್ಮೂರಲ್ಲಿ ಅವರು ಸ್ಕೂಲ್ ಮೇಷ್ಟ್ರು. ಸಂಜೆ ಕಾಫಿ ಕುಡಿದು ಅರಳಿಕಟ್ಟೆಗೆ ಹೋದರೆ ದೀಪ ಹಚ್ಚಿದ ಮೇಲೇ ಬರುತ್ತಿದ್ದದ್ದು. ಮಳೆ, ತೆಂಗಿನಕಾಯಿ ರೇಟು, ರಾಜಕೀಯ. ಮೈಮನಸ್ಸು ಹಗುರ ಮಾಡಿಕೊಂಡು ನಗುತ್ತಾ ಬರುತ್ತಿದ್ದರು. ಆದರೆ ಆ ಒಂದು ಗಂಟೆ ಎಲ್ಲಿಂದ ಬರುತ್ತಿತ್ತು? ಅಮ್ಮನ ಲೆಕ್ಕದಿಂದ. ಮೂರು ಮಕ್ಕಳು, ಒಂದು ಹಸು, ಸೌದೆ ಒಲೆ. ಅಮ್ಮನಿಗೆ ಯಾವ ಕಟ್ಟೆಯೂ ಇರಲಿಲ್ಲ. ಅಪ್ಪನ ಹಾಗೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುವುದು ನನ್ನಿಂದಾಗದು. ಆದರೆ ಹೊಂಗೆ ಮರದ ಕೆಳಗೆ ನಾನು ಮಾಡುತ್ತಿದ್ದದ್ದೂ ಅದನ್ನೇ ತಾನೇ? ಕದ್ದು ಮಾಡುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಒಂದು ರಾತ್ರಿ ಎರಡು ಗಂಟೆ. ಮಗು ನನ್ನ ಹೆಗಲ ಮೇಲೆ ಆಗತಾನೇ ನಿದ್ದೆ ಹೋಗಿತ್ತು. ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ನನಗೆ ಆಗ್ತಾ ಇಲ್ಲ ಅಂದೆ. ಮರದ ಕಥೆಯನ್ನೂ ಹೇಳಿದೆ. "ಗೊತ್ತು ಕಣ್ರೀ, ಕಿಟಕಿಯಿಂದ ಸ್ಕೂಟರ್ ಕಾಣುತ್ತೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಂಗೆ ನಿಲ್ಲಿಸ್ಕೊಂಡು ಕೂರಕ್ಕೆ ಸ್ಕೂಟರೂ ಇಲ್ಲ" ಅಂದಳು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ ಇಬ್ಬರೂ ಕೂತು ಹೊತ್ತು ಹಂಚಿಕೊಂಡೆವು. ರಾತ್ರಿ ಒಂದರ ತನಕ ಮಗು ಎದ್ದರೆ ನಾನು ಏಳಬೇಕು, ಹಾಲು ಕುಡಿಸುವುದೊಂದನ್ನು ಬಿಟ್ಟು. ಆಮೇಲೆ ಅವಳು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರರಿಂದ ಏಳು ನನ್ನ ವಾಕಿಂಗ್. ಭಾನುವಾರ ಎಂಟರಿಂದ ಹನ್ನೊಂದು ಅವಳದು. ಎಲ್ಲಿಗೆ ಹೋಗುತ್ತಾಳೆ ಅಂತ ನಾನು ಕೇಳುವಂತಿಲ್ಲ, ಫೋನ್ ಮಾಡುವಂತಿಲ್ಲ. ಮೊದಲ ಭಾನುವಾರ ನಲವತ್ತು ನಿಮಿಷಕ್ಕೇ ಫೋನ್ ಮಾಡಿದೆ. ತೆಗೆಯಲಿಲ್ಲ. ಮಗು ಚೀರುತ್ತಿತ್ತು, ಬಟ್ಟೆ ಗಲೀಜಾಗಿತ್ತು, ಬಿಸಿನೀರು ಕಾದಿರಲಿಲ್ಲ. ಹೇಗೋ ತೊಳೆದು, ಒರೆಸಿ, ಸೀರೆ ಜೋಲಿಗೆ ಹಾಕಿ ತೂಗಿದೆ. ಹನ್ನೊಂದಕ್ಕೆ ಅವಳು ಬಂದಾಗ ಮಗು ಮಲಗಿತ್ತು. ಜೋಲಿಯ ಹಗ್ಗ ಹಿಡಿದುಕೊಂಡು ನಾನೂ ನೆಲದ ಮೇಲೆ ಮಲಗಿಬಿಟ್ಟಿದ್ದೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಮಗುವಿಗೆ ಜ್ವರ ಬಂದ ವಾರ ಯಾವ ಲೆಕ್ಕವೂ ನಡೆಯುವುದಿಲ್ಲ. ಬಿಪಿ ಇಳಿದಿದೆ. ನಿದ್ದೆಯಿಂದಲೋ, ನಡಿಗೆಯಿಂದಲೋ, ಉಪ್ಪಿನಕಾಯಿ ಬಿಟ್ಟಿದ್ದಕ್ಕೋ!

ನನ್ನ ಹಾಗೆ ಮನೆ ತಿರುವಿನಲ್ಲಿ ಕೂತು ಇದನ್ನು ಕೇಳುತ್ತಿರುವವರು ಇದ್ದರೆ ಒಂದು ನಂಬರ್ ಬರೆದುಕೊಳ್ಳಿ. ಟೆಲಿ ಮಾನಸ್, 14416. ಒಂದು, ನಾಲ್ಕು, ನಾಲ್ಕು, ಒಂದು, ಆರು. ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ಈ ರೆಕಾರ್ಡಿಂಗಿಗೆ ಬರುವಾಗ ಮಗಳನ್ನು ನಮ್ಮಪ್ಪನ ಹತ್ತಿರ ಬಿಟ್ಟು ಬಂದೆ. ಊರಿಂದ ಬಂದಿದ್ದಾರೆ. "ನಿನ್ನ ಎತ್ಕೊಂಡು ಕಟ್ಟೆಗೆ ಹೋಗ್ತೀನಿ ಅಂದ್ರೆ ನಿಮ್ಮಜ್ಜಿ ಬೈಯೋರು ಕಣೋ, ಗಂಡಸು ಮಗು ಹೊತ್ಕೊಂಡು ಬೀದೀಲಿ ತಿರುಗ್ತಾನಾ ಅಂತ" ಅಂದರು. ಇದು ನನಗೆ ಇವತ್ತೇ ಗೊತ್ತಾಗಿದ್ದು. ಹನ್ನೆರಡು ಗಂಟೆಗೆ ಅವಳಿಗೆ ರಾಗಿ ಸರಿ ತಿನ್ನಿಸಬೇಕು. ಗಂಟು ಕಟ್ಟದ ಹಾಗೆ ಕಲಕಿ ಅಂತ ಎರಡೆರಡು ಸಲ ಹೇಳಿ ಬಂದಿದ್ದೇನೆ. ಬರಲೇ? ನಮಸ್ಕಾರ.