ಕಲ್ಲಿನೊಳಗೆ ಸ್ಕ್ರೂ: ಬಳೆಯೋ ಸುರುಳಿಯೋ?

ಎಲ್ಲರಿಗೂ ನಮಸ್ಕಾರ.

ಸೀಳಿದ ಕಲ್ಲಿನೊಳಗೊಂದು ಟೊಳ್ಳು. ಅದರ ನಡುವೆ ಬೆರಳುದ್ದದ ಕಡ್ಡಿ, ಕಡ್ಡಿಯ ಮೈತುಂಬ ಸಮ ಅಂತರದಲ್ಲಿ ಏಣುಗಳು. ನೋಡಿದವರೆಲ್ಲ ‘ಸ್ಕ್ರೂ’ ಅನ್ನುತ್ತಾರೆ. ಕೋಟ್ಯಂತರ ವರ್ಷ ಹಳೆಯ ಕಲ್ಲಿನಲ್ಲಿ ಸ್ಕ್ರೂ ಹೇಗೆ ಬಂತು ಎಂಬ ಸುದ್ದಿ ಹುಟ್ಟುವುದೂ ಹೀಗೆಯೇ.

ಹೆಸರಿಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕಾಣುತ್ತಿರುವುದು ಜೀವಿಯ ಮೈಯೋ, ಮೈಯೊಳಗಿನ ಖಾಲಿ ಜಾಗ ತುಂಬಿಕೊಂಡ ಮಣ್ಣೋ? ಗುರುತಿಸುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ.

ಇಂಥ ‘ಸ್ಕ್ರೂ’ ಸಾಮಾನ್ಯವಾಗಿ ಕ್ರೈನಾಯ್ಡ್‌ನ ಪಳೆಯುಳಿಕೆ. ಕ್ರೈನಾಯ್ಡ್, ಅಂದರೆ ಕಡಲ ಲಿಲ್ಲಿ, ಹೆಸರಿಗೆ ಹೂವಾದರೂ ನಕ್ಷತ್ರಮೀನಿನ ಬಳಗದ ಪ್ರಾಣಿ. ಅದರ ಕಾಂಡ ಎಂದರೆ ನಡುವೆ ತೂತಿರುವ ಸಣ್ಣ ಕ್ಯಾಲ್ಸೈಟ್ (ಸುಣ್ಣದ ಖನಿಜ) ಬಿಲ್ಲೆಗಳ ಅಟ್ಟಿ. ಪ್ರಾಣಿ ಸತ್ತ ಮೇಲೆ ನಡುವಿನ ತೂತಿಗೂ ಬಿಲ್ಲೆಗಳ ಸಂದಿಗೂ ಕೆಸರು ಇಳಿದು ಗಟ್ಟಿಯಾಗುತ್ತದೆ. ಮುಂದೆ ಆಮ್ಲೀಯ ನೀರು ಹರಿದು ಬಿಲ್ಲೆಗಳನ್ನೇ ಕರಗಿಸಿಬಿಡುತ್ತದೆ. ತೂತಿನ ಅಚ್ಚು ಕಡ್ಡಿಯಾಗಿ, ಸಂದಿಗಳ ಅಚ್ಚು ಬಳೆಯಂಥ ಏಣುಗಳಾಗಿ ಉಳಿಯುತ್ತವೆ. ಇಂಗ್ಲೆಂಡಿನಲ್ಲಿ ಇವನ್ನು ‘ಡರ್ಬಿಷೈರ್ ಸ್ಕ್ರೂ’ ಎಂದೇ ಕರೆಯುತ್ತಾರೆ.

ಆದರೆ ನಿಜವಾಗಿಯೂ ಸುರುಳಿಯಾಗಿರುವ ಪಳೆಯುಳಿಕೆಗಳೂ ಇವೆ. ಆರ್ಕಿಮಿಡೀಸ್ ಎಂಬ ಬ್ರಯೋಜೋವಾದ (ಗುಂಪಾಗಿ ಬಾಳುವ ಪುಟ್ಟ ಜಲಜೀವಿಗಳ) ನಡುಗಂಬ ಅಪ್ಪಟ ಸ್ಕ್ರೂ. ಅದರ ಜಾಲರಿಯಂಥ ರೆಕ್ಕೆಗಳು ಮುರಿದುಹೋಗಿ ಕಂಬವಷ್ಟೇ ಉಳಿದಿರುತ್ತದೆ. ಉದ್ದನೆಯ ಶಂಖದ ಒಳ ಅಚ್ಚೂ ಸುರುಳಿಯೇ, ಆದರೆ ಅದು ಒಂದು ತುದಿಯತ್ತ ದಪ್ಪವಾಗುತ್ತ ಹೋಗುತ್ತದೆ.

ಬಳೆಯೋ ಸುರುಳಿಯೋ ಎಂದು ಗುರುತಿಸಲು ಹೊಲಿಗೆ ದಾರ ಸಾಕು. ಎರಡು ಏಣುಗಳ ನಡುವಿನ ಕೊರಕಲಿನಲ್ಲಿ ದಾರ ಕೂರಿಸಿ ಒಂದು ಸುತ್ತು ತನ್ನಿ. ಹೊರಟಲ್ಲಿಗೇ ಬಂದು ಸೇರಿದರೆ ಬಳೆ, ಅಂದರೆ ಕ್ರೈನಾಯ್ಡ್. ಪಕ್ಕದ ಕೊರಕಲಿಗೆ ಏರಿದರೆ ಸುರುಳಿ. ಕಡ್ಡಿಯ ಅರ್ಧ ಮೈ ಕಲ್ಲಿನಲ್ಲೇ ಹುದುಗಿದ್ದರೆ ಏಣು ಕಡ್ಡಿಗೆ ನೇರ ಅಡ್ಡಲಾಗಿದೆಯೋ ಓರೆಯಾಗಿದೆಯೋ ನೋಡಬೇಕು. ಇಲ್ಲಿ ಒಂದು ಮೋಸವಿದೆ: ಭೂಮಿಯ ಒತ್ತಡಕ್ಕೆ ಕಲ್ಲು ಹಿಂಡಿಹೋಗಿದ್ದರೆ ಬಳೆಗಳೂ ಓರೆಯಾಗುತ್ತವೆ. ಅದೇ ಕಲ್ಲಿನ ಬೇರೆ ಚಿಪ್ಪುಗಳೂ ಸೊಟ್ಟಗಾಗಿವೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಆಮೇಲೆ 10 ಪಟ್ಟಿನ ಭೂತಗನ್ನಡಿ ಹಿಡಿದು ಸುತ್ತಲಿನ ಕಲ್ಲನ್ನು ಹುಡುಕಿ. ಕರಗದೆ ಉಳಿದ ಬಿಲ್ಲೆ ಒಂದಾದರೂ ಸಿಕ್ಕರೆ ಸಾಕ್ಷಿ ಗಟ್ಟಿಯಾಯಿತು. ಒಂದೊಂದು ಬಿಲ್ಲೆಯೂ ಒಂದೇ ಹರಳು. ಹಾಗಾಗಿ ಹೊಸದಾಗಿ ಮುರಿದ ಮುಖ ಬೆಳಕಿಗೆ ತಿರುಗಿಸಿದಾಗ ಪುಟ್ಟ ಕನ್ನಡಿಯಂತೆ ಒಟ್ಟಿಗೆ ಮಿಂಚುತ್ತದೆ. ಕೆಸರಿನ ಅಚ್ಚು ಹಾಗೆ ಮಿಂಚದು. ಕೆಲವು ಬಿಲ್ಲೆಗಳ ತೂತು ಐದೆಸಳಿನದಾಗಿರುವುದೂ ಉಂಟು.

ವಿನೆಗರ್ ಹಾಕುವ ಆತುರ ಬೇಡ. ನೊರೆ ಬಂದರೆ ಅಲ್ಲಿ ಸುಣ್ಣಾಂಶವಿದೆ ಎಂದಷ್ಟೇ ಗೊತ್ತಾಗುತ್ತದೆ, ಜೀವಿ ಯಾವುದೆಂದಲ್ಲ. ಹಾಕಲೇಬೇಕೆಂದರೆ ಕಲ್ಲಿನ ಹಿಂಬದಿಯ ಮೂಲೆಗೆ ಒಂದೇ ಹನಿ, ಆಮೇಲೆ ನೀರಿನಲ್ಲಿ ತೊಳೆಯುವುದು. ತಂತಿ ಬ್ರಷ್ಷನ್ನಂತೂ ಮುಟ್ಟಲೇಬೇಡಿ; ಏಣುಗಳ ಅಂಚು ಸವೆದರೆ ಮತ್ತೆ ಬರುವುದಿಲ್ಲ.

ಫೋಟೋಗೆ ಪಕ್ಕದಿಂದ ತಗ್ಗಿನಲ್ಲಿ ಬೀಳುವ ಬೆಳಕು, ಜೊತೆಗೊಂದು ಅಳತೆಪಟ್ಟಿ ಬೇಕು. ಬೆಳಕು ಚಿತ್ರದ ಮೇಲ್ಗಡೆ ಎಡಗಡೆಯಿಂದ ಬರಲಿ. ಚಿತ್ರದ ಕೆಳಗಡೆಯಿಂದ ಬಂದರೆ ಗುಳಿ ಉಬ್ಬಿನಂತೆ ಕಂಡು ನೋಡುವವರ ಕಣ್ಣು ಮೋಸಹೋಗುತ್ತದೆ. ಕಲ್ಲಿನ ಎರಡು ಹೋಳುಗಳನ್ನೂ ಇಟ್ಟುಕೊಳ್ಳಿ. ಕಾಂಡದ ಹೊರಮೈ ಹೇಗಿತ್ತೆಂಬ ಗುರುತು ಇರುವುದು ಟೊಳ್ಳಿನ ಗೋಡೆಯಲ್ಲಿ, ಕಡ್ಡಿಯಲ್ಲಲ್ಲ.

ಚೀಟಿಯ ಮೇಲೆ ‘ಕ್ರೈನಾಯ್ಡ್ ಕಾಂಡದ ಒಳ ಅಚ್ಚು’ ಎಂದು ಬರೆದು, ಸಿಕ್ಕ ಜಾಗ ಮತ್ತು ಪದರವನ್ನು ನಮೂದಿಸಿ ಅಲ್ಲಿಗೆ ನಿಲ್ಲಿಸಿ. ಇಂಥ ಅಚ್ಚೊಂದರಿಂದಲೇ ಪ್ರಭೇದ ಹೇಳಲಾಗುವುದಿಲ್ಲ. ಅದಕ್ಕೆ ಕಾಂಡದ ತುದಿಯಲ್ಲಿದ್ದ, ಪ್ರಾಣಿಯ ಮುಖ್ಯ ಮೈಯಾದ ಬಟ್ಟಲು ಬೇಕು. ಹುಡುಕುವುದಿದ್ದರೆ ಅದೇ ಪದರದಲ್ಲಿ ಹುಡುಕಬೇಕು.